ಬುಟ್ಟಿ ತುಂಬಿದೆ, ತೊಟ್ಟಿಲು ಬರಿದಾಗುತ್ತಿದೆ

ಸೆಪ್ಟೆಂಬರ್ ಮುಗಿಯುವ ಹೊತ್ತಿನ ರಾತ್ರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ಕಾಡಿನಲ್ಲಿ ಒಂದು ಚಿಕ್ಕ ಸರೋವರ. ಚಪ್ಪಟೆ ತಳದ ದೋಣಿಯೊಂದು ದಡದ ಗುಂಟ, ಆಳವಿಲ್ಲದ ನೀರಿನಲ್ಲಿ ನಿಧಾನವಾಗಿ ಸಾಗುತ್ತಿದೆ. ದೋಣಿಯ ಮೇಲೆ ಜನರೇಟರ್ ಗುಡುಗುಡು ಎನ್ನುತ್ತಿದೆ. ಮುಂದಕ್ಕೆ ಮೀಸೆಯಂತೆ ಚಾಚಿಕೊಂಡ ಎರಡು ಕಂಬಿಗಳಿಂದ ಲೋಹದ ಎಳೆಗಳು ನೀರಿಗೆ ಇಳಿಬಿದ್ದಿವೆ. ಅವುಗಳಲ್ಲಿ ಹರಿಯುವ ವಿದ್ಯುತ್ತು ಹತ್ತಿರ ಬಂದ ಮೀನನ್ನು ಕೆಲವು ಕ್ಷಣ ಮಂಕಾಗಿಸುತ್ತದೆ, ಕೊಲ್ಲುವುದಿಲ್ಲ. ಉದ್ದ ಹಿಡಿಯ ಬಲೆ ಹಿಡಿದು ಮುಂದೆ ನಿಂತವರು ದೀಪದ ಬೆಳಕು ಬಿದ್ದ ನೀರನ್ನೇ ದಿಟ್ಟಿಸುತ್ತಿದ್ದಾರೆ. ಅವರು ಹುಡುಕುತ್ತಿರುವುದು ದೊಡ್ಡ ಮೀನನ್ನಲ್ಲ, ಅದೇ ವರ್ಷದ ವಸಂತದಲ್ಲಿ ಹುಟ್ಟಿದ ಗೇಣುದ್ದವೂ ಇರದ ಮರಿಗಳನ್ನು.

ಸಿಕ್ಕ ಮರಿಯನ್ನು ನೀರಿನ ತೊಟ್ಟಿಗೆ ಹಾಕಿ, ಅಳೆದು, ಎಣಿಸಿ, ಮತ್ತೆ ಸರೋವರಕ್ಕೇ ಬಿಡುತ್ತಾರೆ. ದಡದ ಒಂದು ಮೈಲಿಗೆ ಹತ್ತಾದರೂ ಮರಿ ಸಿಕ್ಕರೆ ಆ ವರ್ಷದ ಸಂತಾನ ಉಳಿಯಿತು ಎಂದು ಅಲ್ಲಿನ ವಿಜ್ಞಾನಿಗಳ ಲೆಕ್ಕ. ಹತ್ತು ದೊಡ್ಡ ಸಂಖ್ಯೆಯೇನಲ್ಲ. ಆದರೂ ಒಂದು ಕಾಲಕ್ಕೆ ಅದನ್ನು ಸಲೀಸಾಗಿ ದಾಟುತ್ತಿದ್ದ ಹಲವು ಸರೋವರಗಳು ಈಗ ಅಲ್ಲಿಗೆ ಮುಟ್ಟುತ್ತಿಲ್ಲ. ಅದೇ ನೀರಿನಲ್ಲಿ ಹಗಲು ಗಾಳ ಹಾಕಿದವರ ಬುಟ್ಟಿಗೆ ಮೀನು ಬೀಳುತ್ತಲೇ ಇದೆ. ಹಗಲಿನ ಬುಟ್ಟಿಗೂ ರಾತ್ರಿಯ ಎಣಿಕೆಗೂ ತಾಳೆಯಾಗುತ್ತಿಲ್ಲ. ಮುಂದೆ ಬರಲಿರುವ ನಷ್ಟದ ಮೊದಲ ಸುಳಿವು ಇದೇ.

ಬೆಳ್ಳಿಗಣ್ಣಿನ ಮೀನು

ಆ ಮೀನಿನ ಹೆಸರು ವಾಲೈ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಒಂದು ಪದರವಿದೆ. ಹಾಗಾಗಿ ದೀಪ ಬಿದ್ದರೆ, ರಾತ್ರಿ ರಸ್ತೆಯಲ್ಲಿ ಬೆಕ್ಕಿನ ಕಣ್ಣು ಹೊಳೆಯುವ ಹಾಗೆ ಇದರ ಕಣ್ಣೂ ಬೆಳ್ಳಗೆ ಹೊಳೆಯುತ್ತದೆ. ಮಸುಕು ಬೆಳಕಿನಲ್ಲಿ ಚೆನ್ನಾಗಿ ಕಾಣುವುದರಿಂದ ವಾಲೈ ಸಂಜೆಗತ್ತಲಲ್ಲಿ ಬೇಟೆಗೆ ಇಳಿಯುತ್ತದೆ. ತಂಪು ನೀರು ಇದಕ್ಕೆ ಇಷ್ಟ. ನೀರು ತೀರಾ ತಿಳಿಯಾದರೂ ಒಗ್ಗದು, ತೀರಾ ಬೆಚ್ಚಗಾದರೂ ಒಗ್ಗದು. ಮುಳ್ಳು ಕಡಿಮೆ, ಮಾಂಸ ಬೆಳ್ಳಗೆ, ರುಚಿ ಸೊಗಸು. ಉತ್ತರ ಅಮೆರಿಕದ ಸರೋವರ ನಾಡಿನಲ್ಲಿ ಗಾಳ ಹಾಕುವವರು ಬಹಳವಾಗಿ ಬಯಸುವ ಮೀನು ಇದು. ವಿಸ್ಕಾನ್ಸಿನ್ನಿನಲ್ಲಿ ಮೇ ತಿಂಗಳ ಮೊದಲ ಶನಿವಾರ ಹಂಗಾಮು ಶುರುವಾದಾಗ ಊರಿಗೆ ಊರೇ ದೋಣಿ ಇಳಿಸುತ್ತದೆ. ವಸತಿಗೃಹ, ದೋಣಿ ಬಾಡಿಗೆ, ಗಾಳ ಮತ್ತು ಎರೆಯ ಅಂಗಡಿ ಎಲ್ಲವೂ ಈ ಮೀನನ್ನು ನಂಬಿಕೊಂಡಿವೆ.

ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಇದನ್ನು ‘ಒಗಾ’ ಎನ್ನುತ್ತಾರೆ. ಮಂಜುಗಡ್ಡೆ ಕರಗಿದ ಕೂಡಲೇ ರಾತ್ರಿ ದೀಪ ಹಿಡಿದು, ಹೊಳೆಯುವ ಕಣ್ಣನ್ನು ಗುರುತಿಸಿ ಈಟಿಯಿಂದ ಮೀನು ಹಿಡಿಯುವುದು ಅವರ ಹಳೆಯ ಪದ್ಧತಿ. ಆ ಪಂಜುಗಳನ್ನು ಕಂಡೇ ಫ್ರೆಂಚ್ ವರ್ತಕರು ಒಂದು ಸರೋವರಕ್ಕೆ ‘ಲ್ಯಾಕ್ ಡು ಫ್ಲಾಂಬೋ’, ಅಂದರೆ ಪಂಜಿನ ಸರೋವರ, ಎಂದು ಹೆಸರಿಟ್ಟರು. 1837 ಮತ್ತು 1842ರ ಒಪ್ಪಂದಗಳಲ್ಲಿ ಒಜಿಬ್ವೆಗಳು ನೆಲ ಬಿಟ್ಟುಕೊಟ್ಟರು, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. ಆ ಹಕ್ಕು ಇನ್ನೂ ಜೀವಂತ ಎಂದು 1983ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಅದನ್ನು ಸಹಿಸದವರು ಎಂಬತ್ತರ ದಶಕದ ಕೊನೆಯಲ್ಲಿ ದೋಣಿಕಟ್ಟೆಗಳಿಗೆ ಬಂದು ಕೂಗಾಡಿದರು, ಕಲ್ಲು ತೂರಿದರು. ಮೀನು ಕಡಿಮೆಯಾದರೆ ಅದಕ್ಕೆ ಈಟಿಯೇ ಕಾರಣ ಎಂಬುದು ಅವರ ವಾದವಾಗಿತ್ತು. ಅಂಕಿಸಂಖ್ಯೆ ಆ ಮಾತನ್ನು ಒಪ್ಪುವುದಿಲ್ಲ. ಈಟಿಯ ಪಾಲಿಗಿಂತ ಗಾಳದ ಪಾಲು ಹಲವು ಪಟ್ಟು ಹೆಚ್ಚು. ಜೊತೆಗೆ ಈಟಿಗೆ ಸಿಕ್ಕ ಮೀನನ್ನು ದೋಣಿಕಟ್ಟೆಯಲ್ಲೇ ಎಣಿಸುತ್ತಾರೆ. ಗಾಳಕ್ಕೆ ಸಿಕ್ಕಿದ್ದರ ಲೆಕ್ಕ ಬಹುಪಾಲು ಸರೋವರಗಳಲ್ಲಿ ಅಂದಾಜು ಮಾತ್ರ.

ಎಣಿಸುತ್ತಲೇ ಬಂದ ಸರೋವರ

ಈ ಅಂದಾಜಿಗೆ ಒಂದು ಅಪವಾದವಿದೆ. ವಿಲಾಸ್ ಕೌಂಟಿ ಎಂಬ ಒಂದೇ ಜಿಲ್ಲೆಯಲ್ಲಿ 1,300ಕ್ಕೂ ಹೆಚ್ಚು ಸರೋವರಗಳಿವೆ. ಹಿಮಯುಗದ ನೀರ್ಗಲ್ಲುಗಳು ಹಿಂದೆ ಸರಿಯುವಾಗ ಬಿಟ್ಟುಹೋದ ಕುಳಿಗಳು ಅವು. ಅವುಗಳಲ್ಲಿ ಎಸ್ಕನಾಬಾ ಒಂದು, ವಿಸ್ತೀರ್ಣ ಕೇವಲ 119 ಹೆಕ್ಟೇರ್. ನಮ್ಮ ಎಷ್ಟೋ ಊರಕೆರೆಗಳು ಇದಕ್ಕಿಂತ ದೊಡ್ಡವು. ಆದರೆ ಮೀನು ವಿಜ್ಞಾನದಲ್ಲಿ ಇದರ ಹೆಸರು ದೊಡ್ಡದು. 1946ರಿಂದ ಇಲ್ಲಿ ಗಾಳ ಹಾಕಬೇಕಾದರೆ ಮೊದಲು ದಡದ ಸಂಶೋಧನಾ ಕೇಂದ್ರಕ್ಕೆ ಹೋಗಿ ಉಚಿತ ಪರವಾನಗಿ ಪಡೆಯಬೇಕು. ವಾಪಸಾಗುವಾಗ ಹಿಡಿದ ಒಂದೊಂದು ಮೀನನ್ನೂ ತೋರಿಸಬೇಕು. ಜಾತಿ, ಉದ್ದ, ನೀರಿನಲ್ಲಿ ಕಳೆದ ಗಂಟೆಗಳು ಎಲ್ಲವೂ ದಾಖಲಾಗುತ್ತವೆ. ಅಜ್ಜ ಹಿಡಿದ ಮೀನಿನ ಪಕ್ಕದಲ್ಲೇ ಮೊಮ್ಮಗ ಹಿಡಿದ ಮೀನಿನ ಲೆಕ್ಕವೂ ಇರುವ ಇಂಥ ಸರೋವರಗಳು ಜಗತ್ತಿನಲ್ಲೇ ವಿರಳ.

ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಎಸ್ಕನಾಬಾದಲ್ಲಿ ವಾಲೈ ಹಿಡಿಯಲು ಉದ್ದದ ಮಿತಿಯಿರಲಿಲ್ಲ, ಸಂಖ್ಯೆಯ ಮಿತಿಯಿರಲಿಲ್ಲ, ಹಂಗಾಮಿನ ನಿರ್ಬಂಧವೂ ಇರಲಿಲ್ಲ. ಎಷ್ಟು ಹಿಡಿದರೂ ಮೀನು ಮತ್ತೆ ತುಂಬಿಕೊಳ್ಳುತ್ತಿತ್ತು. ಸರೋವರಕ್ಕೆ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಶಕ್ತಿಯಿದೆ ಎಂಬ ನಂಬಿಕೆಗೆ ಇದೇ ಆಧಾರವಾಯಿತು. 2003ರಲ್ಲಿ ನಿಯಮ ಪೂರ್ತಿ ತಿರುವು ಪಡೆಯಿತು. 28 ಇಂಚಿಗಿಂತ ಚಿಕ್ಕದನ್ನು ಒಯ್ಯುವಂತಿಲ್ಲ, ಒಯ್ದರೂ ಒಂದೇ ಒಂದು. ಅಷ್ಟು ಉದ್ದ ಬೆಳೆಯುವ ವಾಲೈ ಅಲ್ಲಿ ಅಪರೂಪವಾದ್ದರಿಂದ ಮೀನು ಒಯ್ಯುವುದು ಹೆಚ್ಚುಕಡಿಮೆ ನಿಂತೇಹೋಯಿತು. ಹಿಡಿಯುವುದು ನಿಂತರೆ ಸಂತಾನ ಉಕ್ಕಬೇಕಿತ್ತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾದರೂ ನಿರೀಕ್ಷಿಸಿದ ಸುಧಾರಣೆ ಕಾಣಲಿಲ್ಲ.

ಇದರಿಂದ ಹೊರಡುವ ಪಾಠ ಕಹಿಯಾದದ್ದು. ಒಂದು ಕಾಲದಲ್ಲಿ ಎಷ್ಟು ತೆಗೆದರೂ ತುಂಬುತ್ತಿದ್ದ ಕಣಜ ಇಂದು ತೆಗೆಯದೆ ಬಿಟ್ಟರೂ ತುಂಬುತ್ತಿಲ್ಲ. ಕೈಯಲ್ಲಿ ಗಾಳ ಹಿಡಿದವನನ್ನು ಮಾತ್ರ ನೋಡಿದರೆ ಉತ್ತರ ಸಿಗದು. ನೀರನ್ನೇ ನೋಡಬೇಕು.

ಗಡ್ಡೆ ಒಡೆಯುವ ಗಳಿಗೆ

ಉತ್ತರದ ಸರೋವರಗಳ ಮೇಲೆ ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಜನ ಅದರ ಮೇಲೆ ನಡೆಯುತ್ತಾರೆ, ವಾಹನ ಓಡಿಸುತ್ತಾರೆ, ತೂತು ಕೊರೆದು ಗಾಳ ಇಳಿಬಿಡುತ್ತಾರೆ. ಕೆಳಗೆ, ಕತ್ತಲ ತಣ್ಣೀರಿನಲ್ಲಿ, ಹೆಣ್ಣು ವಾಲೈಗಳ ಮೊಟ್ಟೆ ಮಾಗುತ್ತಿರುತ್ತದೆ. ಆ ಮಾಗುವಿಕೆಗೆ ದೀರ್ಘ ಚಳಿ ಬೇಕೇಬೇಕು. ವಸಂತದಲ್ಲಿ ಗಡ್ಡೆ ಒಡೆದು ನೀರು ಐದಾರು ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಮೀನುಗಳು ರಾತ್ರಿ ಹೊತ್ತು ದಡದ ಬೆಣಚುಕಲ್ಲಿನ ಹಾಸಿಗೆ ಬರುತ್ತವೆ. ಒಂದು ಹೆಣ್ಣು ಹತ್ತಾರು ಸಾವಿರ ಮೊಟ್ಟೆಗಳನ್ನು ಕಲ್ಲುಗಳ ಮೇಲೆ ಚೆಲ್ಲಿ ಹೊರಟುಹೋಗುತ್ತದೆ. ಗೂಡಿಲ್ಲ, ಕಾವಲಿಲ್ಲ. ಕಲ್ಲಿನ ಸಂದುಗಳೇ ತೊಟ್ಟಿಲು.

ಎರಡು ಮೂರು ವಾರಗಳಲ್ಲಿ ಮೊಟ್ಟೆ ಒಡೆದು, ಒಂದು ಸೆಂಟಿಮೀಟರ್ ಕೂಡ ಇಲ್ಲದ, ಗಾಜಿನ ಎಳೆಯಂಥ ಮರಿ ಹೊರಬರುತ್ತದೆ. ಹೊಟ್ಟೆಯಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಕೆಲವೇ ದಿನಕ್ಕೆ ಸಾಕು. ಅದು ಮುಗಿಯುವಷ್ಟರಲ್ಲಿ, ಅದರ ಪುಟ್ಟ ಬಾಯಿಗೆ ಹಿಡಿಸುವ ಸೂಕ್ಷ್ಮ ಪ್ರಾಣಿಪ್ಲವಕಗಳು ನೀರಿನಲ್ಲಿ ತುಂಬಿರಬೇಕು. ಆ ಪ್ಲವಕಗಳು ಹೆಚ್ಚಲು ಪಾಚಿ ಬೆಳೆಯಬೇಕು. ಪಾಚಿಗೆ ಬಿಸಿಲು ಬೇಕು. ಬಿಸಿಲು ನೀರಿಗಿಳಿಯಲು ಗಡ್ಡೆ ಸರಿಯಬೇಕು. ಹೀಗೆ ಇಡೀ ಸರಪಳಿಯ ಮೊದಲ ಕೊಂಡಿ ಇರುವುದು ಗಡ್ಡೆ ಒಡೆಯುವ ದಿನದಲ್ಲಿ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹದ ನೋಡಿ ಬಿತ್ತಿದರೆ ಬೆಳೆ. ರೋಹಿಣಿ ಮಳೆ ಹದಿನೈದು ದಿನ ಮುಂಚೆ ಬಂದು ಹೋಗಿ, ಬೀಜ ಆಮೇಲೆ ಬಿದ್ದರೆ ಮೊಳಕೆ ನೆಲದಲ್ಲೇ ಕಮರುತ್ತದೆ.

ಗಡ್ಡೆಯ ದಿನವೇ ಈಗ ಜಾರುತ್ತಿದೆ. ಜಾನ್ ಮ್ಯಾಗ್ನುಸನ್ ಮತ್ತು ಸಂಗಡಿಗರು ಉತ್ತರ ಗೋಳಾರ್ಧದ ಸರೋವರ, ನದಿಗಳ ಹಳೆಯ ದಾಖಲೆಗಳನ್ನು ಕಲೆಹಾಕಿ 2000ದಲ್ಲಿ ಒಂದು ಲೆಕ್ಕ ಮುಂದಿಟ್ಟರು. 1846ರಿಂದ 1995ರವರೆಗಿನ 150 ವರ್ಷಗಳಲ್ಲಿ, ನೀರು ಹೆಪ್ಪುಗಟ್ಟುವುದು ಶತಮಾನಕ್ಕೆ 5.8 ದಿನ ತಡವಾಗಿದೆ, ಒಡೆಯುವುದು 6.5 ದಿನ ಮುಂಚೆಯಾಗಿದೆ. ವಿಸ್ಕಾನ್ಸಿನ್ನಿನ ಮೆಂಡೋಟಾ ಸರೋವರದಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಿಂದ ಬರೆದಿಟ್ಟ ದಾಖಲೆಯಿದೆ. ಅಲ್ಲಿ ಗಡ್ಡೆ ನಿಲ್ಲುವ ಅವಧಿ ಸುಮಾರು ಒಂದು ತಿಂಗಳು ಕುಗ್ಗಿದೆ. 2023–24ರ ಚಳಿಗಾಲವಂತೂ ಆ ರಾಜ್ಯದ ದಾಖಲೆಯಲ್ಲೇ ಅತ್ಯಂತ ಬೆಚ್ಚಗಿನದು.

ಗಡ್ಡೆ ಮುಂಚೆ ಒಡೆದರೆ ಮೀನೂ ಮುಂಚೆ ಮೊಟ್ಟೆಯಿಡಬಹುದಲ್ಲ ಎಂದು ಕೇಳಬಹುದು. ಇಡುತ್ತದೆ, ಆದರೆ ಸಮಸಮ ಓಡಲು ಅದಕ್ಕೆ ಆಗುತ್ತಿಲ್ಲ. ವಿಸ್ಕಾನ್ಸಿನ್, ಮಿನೆಸೋಟ, ಮಿಷಿಗನ್ ಭಾಗದ 194 ಸರೋವರಗಳ ಹಲವು ದಶಕಗಳ ಮಾಹಿತಿಯನ್ನು ಜಾಲಾಡಿದ ಅಧ್ಯಯನವೊಂದು 2024ರಲ್ಲಿ ಹೊರಬಂತು. ಗಡ್ಡೆ ಒಡೆಯುವ ದಿನ ಮುಂಚಿನ ದಿನಾಂಕಕ್ಕೆ ಜಾರುತ್ತಿರುವ ವೇಗ ಮೊಟ್ಟೆಯಿಡುವ ದಿನ ಜಾರುತ್ತಿರುವ ವೇಗಕ್ಕಿಂತ ಸುಮಾರು ಮೂರು ಪಟ್ಟು ಎಂದು ಅದು ಕಂಡುಕೊಂಡಿತು. ತೀರಾ ಮುಂಚೆ ಅಥವಾ ತೀರಾ ತಡವಾಗಿ ಗಡ್ಡೆ ಒಡೆಯುವ ವಿಪರೀತದ ವರ್ಷಗಳೂ ಹೆಚ್ಚುತ್ತಿವೆ. ಅಂಥ ವರ್ಷ ಹುಟ್ಟಿದ ಮರಿಗಳಲ್ಲಿ ಶರತ್ಕಾಲದವರೆಗೆ ಉಳಿಯುವವು ಕಡಿಮೆ. ಸೆಪ್ಟೆಂಬರ್ ರಾತ್ರಿಯ ಬಲೆ ಬರಿದಾಗಿ ಬರುವುದಕ್ಕೆ ಇದು ಒಂದು ಮುಖ್ಯ ಕಾರಣ.

ನೀರು ಬೆಚ್ಚಗಾದರೆ ಒಡೆಯ ಬದಲು

ಎರಡನೆಯ ಕಾರಣ ಬೇಸಿಗೆಯದು. 1985ರಿಂದ 2009ರ ನಡುವೆ ಜಗತ್ತಿನ 235 ಸರೋವರಗಳ ಮೇಲ್ಪದರದ ನೀರು ಸರಾಸರಿ ದಶಕಕ್ಕೆ 0.34 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ನಿಂತು ಎರಡೂ ಬೆರೆಯದ ಅವಧಿ ಉದ್ದವಾದಷ್ಟೂ ತಳದಲ್ಲಿ ಉಸಿರಾಟಕ್ಕೆ ಗಾಳಿ ಸಾಲದು. ಸಮಶೀತೋಷ್ಣ ವಲಯದ 393 ಸರೋವರಗಳಲ್ಲಿ 1980ರಿಂದೀಚೆಗೆ ಮೇಲಿನ ನೀರಿನ ಆಮ್ಲಜನಕ 5.5 ಶೇಕಡಾ, ಆಳದ ನೀರಿನದು 18.6 ಶೇಕಡಾ ಇಳಿದಿದೆ ಎಂದು 2021ರ ಅಧ್ಯಯನ ತೋರಿಸಿತು. ಮೇಲೆ ಬಿಸಿ, ಕೆಳಗೆ ಉಸಿರಿಲ್ಲ. ತಂಪು ಬಯಸುವ ಮೀನಿಗೆ ನಡುವಿನ ತೆಳುಪದರವಷ್ಟೇ ಉಳಿಯುತ್ತದೆ. ತಣ್ಣೀರನ್ನೇ ನಂಬಿದ ಸಿಸ್ಕೊ ಎಂಬ ಮೀನು ಈ ಶತಮಾನ ಮುಗಿಯುವುದರೊಳಗೆ ವಿಸ್ಕಾನ್ಸಿನ್ನಿನ 70 ಶೇಕಡಾವರೆಗಿನ ನೆಲೆಗಳಿಂದ ಅಳಿಯಬಹುದೆಂಬ ಅಂದಾಜಿದೆ. ಈ ಕೊಬ್ಬಿನ ಮೀನೇ ಹಲವೆಡೆ ವಾಲೈಯ ಒಳ್ಳೆಯ ಆಹಾರ.

ವಾಲೈ ಬಳಲುವ ನೀರಿನಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಇನ್ನೊಂದು ಮೀನು ಸೊಗಸಾಗಿ ಬೆಳೆಯುತ್ತದೆ. ಬಿಸಿ ಅದಕ್ಕೆ ಹಿತ. ಗಂಡು ಬಾಸ್ ಗೂಡು ಮಾಡಿ ಮೊಟ್ಟೆ ಕಾಯುತ್ತದೆ, ಮರಿಗಳನ್ನು ಕೆಲಕಾಲ ಕಾವಲು ಕೊಟ್ಟು ಬೆಳೆಸುತ್ತದೆ. ಗಾಳ ಹಾಕುವವರಲ್ಲಿ ಬಹುಪಾಲು ಜನ ಬಾಸ್ ಹಿಡಿದು ಮತ್ತೆ ನೀರಿಗೇ ಬಿಡುತ್ತಾರೆ; ವಾಲೈಯನ್ನು ಮನೆಗೆ ಒಯ್ಯುತ್ತಾರೆ. ಹವೆಯೂ ರೂಢಿಯೂ ಒಂದೇ ಕಡೆ ವಾಲಿದಂತಾಗಿದೆ. ಗ್ರೆಚೆನ್ ಹ್ಯಾನ್ಸನ್ ಮತ್ತು ಸಂಗಡಿಗರು 2017ರಲ್ಲಿ ವಿಸ್ಕಾನ್ಸಿನ್ನಿನ 2,148 ಸರೋವರಗಳ ಮುಂದಿನ ಸ್ಥಿತಿಯನ್ನು ಲೆಕ್ಕ ಹಾಕಿದರು. ವಾಲೈ ತಾನಾಗಿ ಮರಿ ಮಾಡಬಲ್ಲ ಸರೋವರಗಳು ಆಗಲೇ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಶತಮಾನದ ಮಧ್ಯದ ಹೊತ್ತಿಗೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆಯಾಗಲಿವೆ. ಬಾಸ್ ತುಂಬಿದ ಸರೋವರಗಳು ನೂರಕ್ಕೆ 60ರಿಂದ 89ಕ್ಕೆ ಏರಲಿವೆ. ದೊಡ್ಡ ಸರೋವರಗಳಿಗೆ ಸ್ವಲ್ಪ ತಾಳಿಕೊಳ್ಳುವ ಶಕ್ತಿಯಿದೆ. ಮೊದಲು ಸೋಲುವುದು ಚಿಕ್ಕವು.

ಗಾಳ ಹೇಳದ ಸತ್ಯ

ಇಷ್ಟೆಲ್ಲ ನಡೆಯುತ್ತಿದ್ದರೂ ದಡದಲ್ಲಿ ಕುಳಿತವನಿಗೆ ತಿಳಿಯುವುದೇಕೆ ತಡ? ಇದಕ್ಕೆ ಎರಡು ಕಾರಣಗಳಿವೆ.

ಒಂದು, ವಾಲೈ ದೀರ್ಘಾಯುಷಿ. ಉತ್ತರದ ತಣ್ಣೀರಿನಲ್ಲಿ ಹೆಣ್ಣು ಮೈನೆರೆಯಲು ನಾಲ್ಕೈದು ವರ್ಷ ಬೇಕು. ಹದಿನೈದು ವರ್ಷ ದಾಟಿ ಬದುಕುವುದೂ ಉಂಟು. ಇಂದು ಮರಿ ಹುಟ್ಟುವುದು ನಿಂತರೂ ಹಿಂದಿನ ವರ್ಷಗಳಲ್ಲಿ ಹುಟ್ಟಿದವು ಇನ್ನೂ ಹಲವು ವರ್ಷ ಗಾಳಕ್ಕೆ ಸಿಗುತ್ತವೆ, ಅದೂ ದೊಡ್ಡ ಗಾತ್ರದವು. ಶಾಲೆ ಮುಚ್ಚುವ ಹಂತಕ್ಕೆ ಬಂದ ಹಳ್ಳಿಯಲ್ಲಿ ಕಟ್ಟೆಯ ಮೇಲೆ ಹಿರಿಯರು ತುಂಬಿರುವಂತೆ ಇದು. ಎರಡು, ಮೀನು ಕಡಿಮೆಯಾದಾಗ ಅವು ಸರೋವರದ ತುಂಬ ತೆಳುವಾಗಿ ಹರಡುವುದಿಲ್ಲ. ಒಳ್ಳೆಯ ಜಾಗಗಳಲ್ಲಿ ಒತ್ತಾಗಿ ಸೇರುತ್ತವೆ. ಅನುಭವಿ ಗಾಳಗಾರನಿಗೆ ಆ ಜಾಗ ಗೊತ್ತು. ಈಗ ಕೈಯಲ್ಲಿ ಸೋನಾರ್ ಪರದೆಯೂ ಇದೆ. ಸರೋವರದ ಮೀನು ಅರ್ಧಕ್ಕಿಳಿದರೂ ಗಂಟೆಗೆ ಸಿಗುವ ಮೀನು ಮೊದಲಿನಷ್ಟೇ ಇರಬಹುದು. ಕೆನಡಾದ ವಿಜ್ಞಾನಿ ಜಾನ್ ಪೋಸ್ಟ್ ಮತ್ತು ಸಂಗಡಿಗರು 2002ರಲ್ಲಿ ತಮ್ಮ ದೇಶದ ಗಾಳ ಮೀನುಗಾರಿಕೆಯ ಬಗ್ಗೆ ಬರೆದಾಗ ಇದನ್ನು ಕಣ್ಣಿಗೆ ಕಾಣದ ಕುಸಿತ ಎಂದು ಕರೆದದ್ದು ಸುಮ್ಮನೆ ಅಲ್ಲ.

ಲೆಕ್ಕದ ಮಾನದಂಡವೂ ಹಳೆಯದಾಗಿದೆ. ಬೆಳೆದ ವಾಲೈಗಳಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ಒಪ್ಪಂದದ ಪ್ರದೇಶದಲ್ಲಿ ದಶಕಗಳಿಂದ ನಡೆದುಬಂದ ಮಿತಿ. ತಲೆ ಎಣಿಸುವ ಈ ಲೆಕ್ಕ ಸರೋವರದ ಬೆಳೆಯುವ ಶಕ್ತಿಯನ್ನು ನೋಡುವುದಿಲ್ಲ. ಹಾಲಿ ಎಂಬ್ಕೆ ಮತ್ತು ಸಂಗಡಿಗರು 179 ಸರೋವರಗಳ 28 ವರ್ಷಗಳ ಮಾಹಿತಿಯನ್ನು ಬೇರೊಂದು ರೀತಿಯಲ್ಲಿ ತೂಗಿದರು. ಒಂದು ವರ್ಷದಲ್ಲಿ ಸರೋವರ ಎಷ್ಟು ತೂಕದ ವಾಲೈ ಬೆಳೆಸುತ್ತದೆ, ಅದರಲ್ಲಿ ನಾವು ಎಷ್ಟು ತೆಗೆಯುತ್ತೇವೆ? ನೂರಕ್ಕೆ 40 ಸರೋವರಗಳಲ್ಲಿ ಬೆಳೆದದ್ದಕ್ಕಿಂತ ತೆಗೆದದ್ದೇ ಹೆಚ್ಚು. 2019ರಲ್ಲಿ ಪ್ರಕಟವಾದ ಈ ಅಂಕಿ, ಹಳೆಯ ಲೆಕ್ಕ ಹೇಳುತ್ತಿದ್ದ ಅತಿಹಿಡಿತದ ಹತ್ತು ಪಟ್ಟು. ಬಡ್ಡಿಯಲ್ಲಿ ಬದುಕುತ್ತಿದ್ದೇವೆ ಅಂದುಕೊಂಡವರು ಅಸಲನ್ನೇ ತಿನ್ನುತ್ತಿದ್ದರು. 1990ರಿಂದ 2012ರ ನಡುವೆ ಉತ್ತರ ವಿಸ್ಕಾನ್ಸಿನ್ನಿನ ಸರೋವರಗಳ ವಾಲೈ ಉತ್ಪಾದನೆ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿದೆ ಎಂದು ಇನ್ನೊಂದು ಅಧ್ಯಯನ ಮೊದಲೇ ಹೇಳಿತ್ತು. ಹವೆ ಬದಲಾಗಿ ಗದ್ದೆಯ ಇಳುವರಿ ಇಳಿದಿದೆ; ಗೇಣಿ ಮಾತ್ರ ಹಳೆಯದೇ.

ಇದು ದೂರದ ಮಾತು ಎಂದು ನಾವು ಸುಮ್ಮನಾಗುವಂತಿಲ್ಲ. ಇದೇ ಕತೆ ಕಾವೇರಿಯಲ್ಲಿ ಆಗಿಹೋಗಿದೆ. ಗಾಲಿಬೋರೆಯ ಶಿಬಿರದಲ್ಲಿ ಹಿಡಿದುಬಿಡುವ ಪದ್ಧತಿಯಲ್ಲಿ ಮಹಸೀರ್‌ಗೆ ಗಾಳ ಹಾಕುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ 2015ರಲ್ಲಿ ಪರಿಶೀಲಿಸಿದರು. ಒಟ್ಟು ಮೀನಿಗೆ ಕೊರತೆಯಿರಲಿಲ್ಲ. ಹೊರಗಿನಿಂದ ತಂದು ಬಿಟ್ಟ ನೀಲಿ ಈಜುರೆಕ್ಕೆಯ ಮಹಸೀರ್ ಸಂಖ್ಯೆ ಏರುತ್ತಲೇ ಇತ್ತು. ಆದರೆ ಕಾವೇರಿಯದೇ ಆದ, ಬೆನ್ನು ಡುಬ್ಬದ, ಕಿತ್ತಳೆ ಈಜುರೆಕ್ಕೆಯ ಮಹಸೀರ್ ವರ್ಷವರ್ಷಕ್ಕೂ ಕಡಿಮೆಯಾಗುತ್ತಿತ್ತು. ಸಿಕ್ಕವು ಮಾತ್ರ ವರ್ಷವರ್ಷಕ್ಕೂ ದೊಡ್ಡವಾಗುತ್ತಿದ್ದವು. ದೊಡ್ಡ ಮೀನು ಸಿಕ್ಕಿದ್ದಕ್ಕೆ ಹಿಗ್ಗಿದವರಿಗೆ ಮರಿಗಳೇ ಬರುತ್ತಿಲ್ಲ ಎಂಬುದು ಹೊಳೆದಿರಲಿಲ್ಲ. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್ ತೂಗಿದ ಮೀನು ಈ ಕುಲದ್ದು. ಟಾರ್ ರೆಮಾದೇವಿ ಎಂದು ಇದರ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕೆಂಪು ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನು ಕೈಬಿಡುತ್ತಿತ್ತು.

ಮರಿ ತಂದು ಬಿಟ್ಟರೆ ಸಾಲದೆ?

ಸರೋವರ ಬರಿದಾದರೆ ಹ್ಯಾಚರಿಯಲ್ಲಿ ಮರಿ ಮಾಡಿಸಿ ತಂದು ಸುರಿಯೋಣ ಎಂಬುದು ಎಲ್ಲರ ಬಾಯಿಗೆ ಮೊದಲು ಬರುವ ಪರಿಹಾರ. ವಿಸ್ಕಾನ್ಸಿನ್ 2013ರಿಂದ ಈ ಹಾದಿಯಲ್ಲಿ ದೊಡ್ಡ ಪ್ರಮಾಣದಲ್ಲಿ ಹಣ ಸುರಿದಿದೆ. ಬೆರಳುದ್ದದ ಮರಿಗಳ ಬದಲು ಆರೇಳು ಇಂಚು ಬೆಳೆಸಿದ ಮರಿಗಳನ್ನೇ ಬಿಡುತ್ತಿದೆ. ಅವುಗಳಲ್ಲಿ ಕೆಲವು ಉಳಿಯುತ್ತವೆ, ಗಾಳಕ್ಕೂ ಸಿಗುತ್ತವೆ. ಆದರೆ ಅವು ಬೆಳೆದು ತಾವೇ ಸಂತಾನ ನಡೆಸುವ ಸರೋವರಗಳು ಕಡಿಮೆ. ತೊಟ್ಟಿಲನ್ನು ಕೆಡಿಸಿದ ಕಾರಣಗಳು ನೀರಿನಲ್ಲೇ ಉಳಿದಿರುವಾಗ ಪ್ರತಿ ವರ್ಷವೂ ಹೊರಗಿನಿಂದ ಮರಿ ತಂದು ಹಾಕುತ್ತಲೇ ಇರಬೇಕು. ಸಾವಿರಾರು ಸರೋವರಗಳಿಗೆ ಅಷ್ಟು ಮರಿ, ಅಷ್ಟು ಹಣ ಎಲ್ಲಿಂದ?

ಬಾಸ್ ಜಾತಿಯ ಮೀನುಗಳನ್ನು ತೆಗೆದರೆ ಹೇಗೆ ಎಂದೂ ನೋಡಿದ್ದಾರೆ. ಮೆಕ್‌ಡರ್ಮಟ್ ಎಂಬ ಚಿಕ್ಕ ಸರೋವರದಿಂದ ವರ್ಷಗಟ್ಟಲೆ ಬಾಸ್ ಮತ್ತು ಅದರ ಬಳಗದ ಮೀನುಗಳನ್ನು ಬಲೆ ಹಾಕಿ ಹೊರತೆಗೆದರು. ತೆರವಾದ ಜಾಗವನ್ನು ತುಂಬಿದ್ದು ಮುಖ್ಯವಾಗಿ ಹಳದಿ ಪರ್ಚ್. ವಾಲೈ ಮರಿಗಳು ಬಯಸಿದಂತೆ ಮರಳಲಿಲ್ಲ. ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಉಳಿದ ಒಂದೊಂದು ತಾಯಿಯ ಸಂತಾನವೂ ಬದುಕುವುದು ಮತ್ತಷ್ಟು ಕಡಿಮೆಯಾಗುತ್ತದೆ ಎಂಬುದಕ್ಕೂ ಈ ಸರೋವರಗಳಲ್ಲಿ ಸುಳಿವುಗಳು ಸಿಕ್ಕಿವೆ. ಇಳಿಜಾರಿನ ತುದಿಯಲ್ಲಿ ಬಂಡಿ ನಿಲ್ಲಿಸುವುದು ಸುಲಭ. ಅರ್ಧ ಉರುಳಿದ ಮೇಲೆ ಕಷ್ಟ.

ದಡದಲ್ಲಿ ನಾವು ಮಾಡುವ ಚಿಕ್ಕ ಕೆಲಸವೂ ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ವಿಲಾಸ್ ಕೌಂಟಿಯ ಲಿಟಲ್ ರಾಕ್ ಸರೋವರ ಸಾಕ್ಷಿ. ಆಮ್ಲಮಳೆಯ ಪರಿಣಾಮ ತಿಳಿಯಲು ಎಂಬತ್ತರ ದಶಕದಲ್ಲಿ ಈ ಸರೋವರವನ್ನು ಪರದೆ ಕಟ್ಟಿ ಇಬ್ಭಾಗ ಮಾಡಿದ್ದರು. 2002ರಲ್ಲಿ ಅದರ ಒಂದು ಭಾಗದ ದಡದಿಂದ, ನೀರಿಗೆ ಬಿದ್ದಿದ್ದ ಮರದ ಬೊಡ್ಡೆಗಳಲ್ಲಿ ಮುಕ್ಕಾಲು ಪಾಲಿನಷ್ಟನ್ನು ಎಳೆದು ಹೊರಹಾಕಿದರು. ದಡದಲ್ಲಿ ಮನೆ ಕಟ್ಟುವವರು ನೀರು ‘ಚೊಕ್ಕ’ವಾಗಿರಲೆಂದು ಮಾಡುವ ಕೆಲಸವೇ ಅದು. ಆ ಭಾಗದಲ್ಲಿ ಹಳದಿ ಪರ್ಚ್ ಕುಸಿದು ಬೆರಳೆಣಿಕೆಗೆ ಬಂತು. ತಿನ್ನಲು ಪರ್ಚ್ ಇಲ್ಲದ ಬಾಸ್‌ಗಳ ಬೆಳವಣಿಗೆ ಕುಗ್ಗಿತು. ಪರ್ಚ್ ಮೊಟ್ಟೆಯ ಸರಗಳನ್ನು ಸುತ್ತುವುದು ಆ ಕೊಂಬೆಗಳಿಗೆ. ಮರಿಗಳು ಅಡಗುವುದು ಆ ಸಂದಿಯಲ್ಲಿ. ಮರವೊಂದು ಬೆಳೆದು, ಮುಪ್ಪಾಗಿ, ನೀರಿಗೆ ಒರಗಲು ನೂರಾರು ವರ್ಷ ಬೇಕು. ಎಳೆದು ಹಾಕಲು ಒಂದು ಮಧ್ಯಾಹ್ನ ಸಾಕು.

ಇನ್ನೂ ಕೈಯಲ್ಲಿರುವುದು

ಹೀಗೆಂದು ಎಲ್ಲ ಮುಗಿಯಿತು ಎನ್ನುವ ಸ್ಥಿತಿಯಿಲ್ಲ. ಅಲ್ಲಿನ ವಿಜ್ಞಾನಿಗಳು ಈಗ ಮೂರು ದಾರಿಗಳ ಮಾತಾಡುತ್ತಾರೆ. ತಡೆಯಬಹುದಾದಲ್ಲಿ ಬದಲಾವಣೆಯನ್ನು ತಡೆಯುವುದು, ತಡೆಯಲಾಗದಲ್ಲಿ ಒಪ್ಪಿಕೊಳ್ಳುವುದು, ಸಾಧ್ಯವಾದಲ್ಲಿ ಒಳ್ಳೆಯ ದಿಕ್ಕಿಗೆ ತಿರುಗಿಸುವುದು. ಬಾಸ್ ಈಗಾಗಲೇ ನೆಲೆಯೂರಿದ ಬೆಚ್ಚನೆಯ ಚಿಕ್ಕ ಸರೋವರದಲ್ಲಿ ವಾಲೈಗಾಗಿ ವರ್ಷವೂ ಹಣ ಸುರಿಯುವುದಕ್ಕಿಂತ ಅಲ್ಲಿ ಬಾಸ್ ಹಿಡಿದು ತಿನ್ನುವ ರೂಢಿ ಬೆಳೆಸುವುದು ವಿವೇಕ. ವಾಲೈ ಇನ್ನೂ ತಾನಾಗಿ ಮರಿ ಮಾಡುತ್ತಿರುವ ತಂಪು ಸರೋವರಗಳಲ್ಲಿ ಮಾತ್ರ ಯಾವ ರಾಜಿಯೂ ಕೂಡದು. ಉಳಿಸಬಹುದಾದದ್ದು ಉಳಿದಿರುವುದು ಅಲ್ಲೇ.

ಅಂಥ ಕಡೆ ಹಿಡಿತವನ್ನು ಮೀನಿನ ತಲೆಗಳ ಲೆಕ್ಕದಲ್ಲಲ್ಲ, ಸರೋವರ ಆ ವರ್ಷ ಬೆಳೆಸಿದ ತೂಕದ ಲೆಕ್ಕದಲ್ಲಿ ನಿಗದಿ ಮಾಡಬೇಕು. ಒಪ್ಪಂದದ ಪ್ರದೇಶದಲ್ಲಿ ದಿನಕ್ಕೆ ಮೂರು ವಾಲೈ ಎಂಬ ಮಿತಿ ಬಂದದ್ದು ಒಳ್ಳೆಯ ಹೆಜ್ಜೆ. ಮರಿಗಳ ಎಣಿಕೆ ಎರಡು ಮೂರು ವರ್ಷ ಸತತವಾಗಿ ಬಿದ್ದ ಕಡೆ ಅದೂ ಹೆಚ್ಚೇ. ಮಿತಿ ಇಳಿಸುವುದಕ್ಕೆ ಬುಟ್ಟಿ ಬರಿದಾಗುವವರೆಗೆ ಕಾಯಬಾರದು. ಬುಟ್ಟಿ ಬರಿದಾಗುವ ಹೊತ್ತಿಗೆ ತೊಟ್ಟಿಲು ಬರಿದಾಗಿ ಹತ್ತು ವರ್ಷವಾಗಿರುತ್ತದೆ. ದಡದ ಬೆಣಚುಕಲ್ಲಿನ ಮೇಲೆ ಹೂಳು ಕೂರದಂತೆ ಅಂಚಿನ ಗಿಡಮರಗಳನ್ನು ಉಳಿಸಬೇಕು. ನೀರಿಗೆ ಬಿದ್ದ ಮರವನ್ನು ಬಿದ್ದಲ್ಲೇ ಬಿಡಬೇಕು. ಒಜಿಬ್ವೆಗಳು ತಮ್ಮ ಒಂದೊಂದು ಮೀನನ್ನೂ ಎಣಿಸಿ ಕೊಡುವಂತೆ ಗಾಳ ಹಾಕುವವರೂ ಲೆಕ್ಕ ಕೊಡುವ ರೂಢಿ ಬರಬೇಕು. ಎಸ್ಕನಾಬಾ ಅದನ್ನು 1946ರಿಂದ ಮಾಡಿ ತೋರಿಸಿದೆ.

ಮೇ ತಿಂಗಳ ಒಂದು ಸಂಜೆ ನೀವೂ ಅಲ್ಲಿ ಯಾರದೋ ಜೊತೆ ದೋಣಿಯಲ್ಲಿ ಕುಳಿತಿರಬಹುದು; ಅಮೆರಿಕದ ಆ ಭಾಗದಲ್ಲಿ ನೆಲೆಸಿದ ಕನ್ನಡಿಗರೂ ಇದ್ದಾರೆ. ಅಥವಾ ಇಲ್ಲಿಯೇ ಯಾವುದಾದರೂ ಹೊಳೆಯ ದಂಡೆಯಲ್ಲಿ ಗಾಳ ಬಿಟ್ಟು ಕುಳಿತಿರಬಹುದು. ದೊಡ್ಡ ಮೀನು ಸಿಕ್ಕಾಗ ಸಂತೋಷಪಡಿ, ಅದು ತಪ್ಪಲ್ಲ. ಆದರೆ ಅಲ್ಲಿಯೇ ಇರುವ ಯಾರನ್ನಾದರೂ ಒಂದು ಮಾತು ಕೇಳಿ: ಈ ವರ್ಷ ಮರಿಗಳು ಕಂಡವೇ? ಕಾಣಲಿಲ್ಲ ಎಂಬ ಉತ್ತರ ಬಂದರೆ, ಕೈಯಲ್ಲಿರುವ ಮೀನನ್ನು ನೀರಿಗೇ ಬಿಟ್ಟುಬಿಡಿ. ಮುಂದಿನ ವಸಂತದಲ್ಲಿ ಕಲ್ಲುಹಾಸಿಗೆ ಬರಲು ಅದೊಂದಾದರೂ ಇರಲಿ.